ವೆರುಲೇಮಿಯಮಿನ ಅರೆಯುವ ಬೋಗುಣಿಗಳು

ಒಂದು ನಾಡಿನ ಚರಿತ್ರೆಯನ್ನು ಅರಸರ ಶಾಸನಗಳಿಂದಲೂ ಯುದ್ಧಗಳ ವರ್ಣನೆಗಳಿಂದಲೂ ಕಟ್ಟುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಆದರೆ ಶಾಸನಗಳನ್ನು ಬರೆಯಿಸುವ ಶಕ್ತಿಯಾಗಲಿ ಗ್ರಂಥಗಳಲ್ಲಿ ಹೆಸರು ನಿಲ್ಲಿಸುವ ಭಾಗ್ಯವಾಗಲಿ ಇಲ್ಲದ ಜನಸಾಮಾನ್ಯರು ಹೇಗೆ ಬದುಕಿದರು, ಏನನ್ನು ಉಂಡರು, ಹೊರಗಿನಿಂದ ಬಂದ ಆಳಿಕೆಯನ್ನು ತಮ್ಮ ಮನೆಯೊಳಗೆ ಎಷ್ಟರಮಟ್ಟಿಗೆ ಬರಗೊಟ್ಟರು ಎಂಬ ಪ್ರಶ್ನೆಗಳಿಗೆ ಅಂತಹ ಆಧಾರಗಳು ಉತ್ತರ ಕೊಡಲಾರವು. ಅದಕ್ಕೆ ಅಡುಗೆಮನೆಯ ಒಡೆದ ಮಡಕೆಗಳನ್ನೇ ಕೇಳಬೇಕಾಗುತ್ತದೆ. ರೋಮನ್ನರ ಆಳಿಕೆಗೆ ಒಳಪಟ್ಟಿದ್ದ ಬ್ರಿಟನ್ ಪ್ರಾಂತ್ಯದ ಪ್ರತಿಯೊಂದು ಪಟ್ಟಣದ ಅವಶೇಷಗಳಲ್ಲಿಯೂ ದೊರೆಯುವ ಒಂದು ಬಗೆಯ ದಪ್ಪನೆಯ ಮಣ್ಣಿನ ಬೋಗುಣಿ ಈ ದೃಷ್ಟಿಯಿಂದ ಬಹು ಮಹತ್ವದ ಸಾಕ್ಷಿಯಾಗಿದೆ. ಇದನ್ನು ಪುರಾತತ್ತ್ವಜ್ಞರು ಲ್ಯಾಟಿನ್ ಭಾಷೆಯ ಹೆಸರಿನಿಂದ 'ಮೊರ್ಟಾರಿಯಮ್' ಎಂದು ಕರೆಯುತ್ತಾರೆ.

ಈ ಬೋಗುಣಿಯ ರಚನೆ ಸರಳವಾದರೂ ವಿಶಿಷ್ಟವಾದುದು. ಸಾಮಾನ್ಯವಾಗಿ ಇದರ ಬಾಯಿ ಒಂದು ಅಡಿಯ ಆಸುಪಾಸಿನ ಅಗಲವಿರುತ್ತದೆ. ಇದಕ್ಕಿಂತ ಬಹಳ ದೊಡ್ಡವೂ ಇವೆ. ಗೋಡೆ ದಪ್ಪ, ತಳ ಭದ್ರ. ಬಾಯಿಯ ಸುತ್ತ ಹೊರಕ್ಕೆ ಬಾಗಿ ಇಳಿದಿರುವ ಅಗಲವಾದ ಅಂಚು. ಬೋಗುಣಿಯನ್ನು ಎತ್ತುವಾಗಲೂ ಅರೆಯುವಾಗ ಅಲುಗದಂತೆ ಹಿಡಿಯುವಾಗಲೂ ಈ ಅಂಚೇ ಹಿಡಿಕೆ. ಅರೆದುದನ್ನು ಬಗ್ಗಿಸಿ ಸುರಿಯಲು ಅಂಚಿನ ಒಂದೆಡೆ ಮೂತಿಯಿದೆ. ಎಲ್ಲಕ್ಕಿಂತ ಮುಖ್ಯವಾದುದು ಒಳಮೈ. ಮಣ್ಣು ಇನ್ನೂ ಹಸಿಯಾಗಿರುವಾಗಲೇ ಕುಂಬಾರನು ಒಳಗಡೆ ಗಟ್ಟಿಯಾದ ಕಲ್ಲಿನ ಹರಳುಗಳನ್ನು ಉದುರಿಸಿ ಒತ್ತಿ, ಅನಂತರ ಸುಡುತ್ತಿದ್ದನು. ಹೀಗೆ ಒಳಮೈ ಒರಟಾಗಿ, ಗುಂಡಿನಿಂದ ತಿರುವಿದಾಗ ಸೊಪ್ಪು, ಬೇರು, ಬೀಜಗಳು ಬೇಗನೆ ನುಣ್ಣಗಾಗುತ್ತಿದ್ದುವು. ಕನ್ನಡ ನಾಡಿನ ಮನೆಗಳಲ್ಲಿ ರುಬ್ಬುವ ಒರಳು ಸವೆದು ನುಣುಪಾದಾಗ ಉಳಿಯಿಂದ ಕಚ್ಚು ಹಾಕಿಸುವ ವಾಡಿಕೆಯನ್ನು ಬಲ್ಲವರಿಗೆ ಈ ಹರಳುಗಳ ಉಪಯೋಗವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಆದರೆ ಕಲ್ಲಿನ ಒರಳಿಗೆ ಮತ್ತೆ ಕಚ್ಚು ಹಾಕಬಹುದು. ಮಣ್ಣಿನ ಬೋಗುಣಿಗೆ ಆ ಸೌಲಭ್ಯವಿಲ್ಲ. ಹರಳುಗಳು ಪೂರ್ತಿಯಾಗಿ ಸವೆದು, ಗೋಡೆಯೂ ತೆಳುವಾಗಿ, ಕೊನೆಗೆ ತಳ ತೂತಾಗುವವರೆಗೆ ಬಳಸಿದ ಬೋಗುಣಿಗಳು ಹಲವೆಡೆ ದೊರೆತಿವೆ. ಇವು ನೋಟಕ್ಕಾಗಿ ಇಟ್ಟ ವಸ್ತುಗಳಲ್ಲ, ದಿನದಿನದ ದುಡಿಮೆಯಲ್ಲಿ ಸವೆದ ಪಾತ್ರೆಗಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

'ಮೊರ್ಟಾರಿಯಮ್' ಎಂಬ ಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಒರಳು ಎಂಬ ಅರ್ಥವಿದ್ದಂತೆ, ಸುಣ್ಣ ಮರಳುಗಳನ್ನು ಕಲಸುವ ತೊಟ್ಟಿ ಎಂಬ ಅರ್ಥವೂ ಇತ್ತು. ಕಟ್ಟಡದ ಗಾರೆಗೆ ಇಂಗ್ಲಿಷಿನಲ್ಲಿ 'ಮಾರ್ಟರ್' ಎಂದು ಹೇಳುವುದೂ ಒರಳಿಗೆ ಅದೇ ಹೆಸರಿರುವುದೂ ಈ ಮೂಲದಿಂದಲೇ. ಆದರೆ ಬಳಸುತ್ತಿದ್ದ ಜನರು ಈ ಬೋಗುಣಿಯನ್ನು ಯಾವಾಗಲೂ ಇದೇ ಹೆಸರಿನಿಂದ ಕರೆಯುತ್ತಿದ್ದರೆಂದು ಹೇಳುವಂತಿಲ್ಲ. ವೇಲ್ಸ್ ಪ್ರದೇಶದ ಅಸ್ಕ್ ಎಂಬಲ್ಲಿ ಕ್ರಿ. ಶ. ಮೊದಲನೆಯ ಶತಮಾನದ ದಂಡುಕೋಟೆಯೊಂದರಲ್ಲಿ ದೊರೆತ ಬೋಗುಣಿಯ ಮೇಲೆ, ಇದು ಮೆಸ್ಸೋರನ ಗುಂಪಿನವರ 'ಪೆಲ್ವಿಸ್' ಎಂಬ ಅರ್ಥದ ಗೀಚುಬರಹವಿದೆ. ಪೆಲ್ವಿಸ್ ಎಂದರೆ ಬೋಗುಣಿ. ರೋಮನ್ ಸೈನ್ಯದಲ್ಲಿ ಎಂಟು ಮಂದಿ ಸೈನಿಕರು ಒಂದು ಗುಡಾರದಲ್ಲಿದ್ದು ಒಟ್ಟಿಗೆ ಅಡುಗೆ ಮಾಡಿಕೊಳ್ಳುತ್ತಿದ್ದರು. ಅಂತಹ ಒಂದು ಗುಂಪಿಗೆ ಇಂತಹ ಒಂದು ಬೋಗುಣಿ ಸಾಕಾಗುತ್ತಿತ್ತೆಂಬುದೂ, ಪಕ್ಕದ ಗುಡಾರದವರು ಅದನ್ನು ಒಯ್ಯದಂತೆ ಹೆಸರು ಗೀಚಿಡುವ ಅಗತ್ಯವಿತ್ತೆಂಬುದೂ ಈ ಮೂರು ಮಾತುಗಳಿಂದಲೇ ತಿಳಿದುಬರುತ್ತದೆ.

ರೋಮನ್ ಗ್ರಂಥಕಾರರಲ್ಲಿ ಒರಳಿನ ಉಲ್ಲೇಖ ಹೇರಳವಾಗಿದೆ. ಕ್ರಿ. ಪೂ. ಎರಡನೆಯ ಶತಮಾನದ ಕೇಟೋ ತನ್ನ ಕೃಷಿಗ್ರಂಥದಲ್ಲಿ ರೊಟ್ಟಿ ಮಾಡುವವರು ಕೈಯನ್ನೂ ಮೊರ್ಟಾರಿಯಮನ್ನೂ ಚೆನ್ನಾಗಿ ತೊಳೆದುಕೊಳ್ಳಬೇಕೆಂದು ವಿಧಿಸುತ್ತಾನೆ. ದೇವರಿಗೆ ಅರ್ಪಿಸುವ ಲಿಬಮ್ ಎಂಬ ಕಡುಬಿಗೆ ಚೀಸನ್ನು ಅದರಲ್ಲಿಯೇ ಅರೆಯಬೇಕೆಂದು ಹೇಳುತ್ತಾನೆ. ಕ್ರಿ. ಶ. ಮೊದಲನೆಯ ಶತಮಾನದ ಕೊಲುಮೆಲ್ಲ ತನ್ನ ಗ್ರಂಥದ ಹನ್ನೆರಡನೆಯ ಪುಸ್ತಕದಲ್ಲಿ ಸೊಪ್ಪು ಮತ್ತು ಚೀಸ್‌ಗಳನ್ನು ಕೂಡಿಸಿ ಅರೆಯುವ ಬಗೆಗಳನ್ನು ಕೊಟ್ಟಿದ್ದಾನೆ. 'ಮೊರೇಟಮ್' ಎಂಬ ಕಿರುಕಾವ್ಯದ ವಸ್ತುವೇ ಅರೆಯುವ ಕೆಲಸ. ಹಿಂದೆ ವರ್ಜಿಲನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಈ ಕೃತಿಯಲ್ಲಿ ಸಿಮುಲಸ್ ಎಂಬ ಬಡ ಒಕ್ಕಲಿಗನು ಬೆಳಗಿನ ಜಾವ ಎದ್ದು, ಬೆಳ್ಳುಳ್ಳಿ, ಕೊತ್ತಂಬರಿ, ನಾಗದಾಳಿ ಮುಂತಾದ ಸೊಪ್ಪುಗಳನ್ನೂ ಉಪ್ಪು, ಚೀಸ್‌ಗಳನ್ನೂ ಒರಳಿಗೆ ಹಾಕಿ ತಿರುವಿ ರೊಟ್ಟಿಗೆ ವ್ಯಂಜನ ಮಾಡಿಕೊಳ್ಳುವ ಪ್ರಸಂಗವಿದೆ. ಶ್ರೀಮಂತರ ಅಡುಗೆಯ ವಿಧಾನಗಳನ್ನು ಹೇಳುವ ಅಪೀಸಿಯಸನ ಹೆಸರಿನ ಪಾಕಗ್ರಂಥದಲ್ಲಿಯಾದರೋ, ಮೊದಲು ಮೆಣಸನ್ನು ಅರೆಯಬೇಕೆಂಬ ಸೂಚನೆ ಮೇಲಿಂದ ಮೇಲೆ ಬರುತ್ತದೆ. ಬಡವನ ಗುಡಿಸಲಿಗೂ ಸಿರಿವಂತನ ಭೋಜನಶಾಲೆಗೂ ಒರಳು ಸಮಾನವಾಗಿತ್ತು. ಅದರಲ್ಲಿ ಬಿದ್ದ ಪದಾರ್ಥಗಳು ಮಾತ್ರ ಬೇರೆ.

ಇಷ್ಟು ಪೀಠಿಕೆಯೊಂದಿಗೆ ಬ್ರಿಟನ್ ಪ್ರಾಂತ್ಯದ ಒಂದು ಪಟ್ಟಣವನ್ನು ನೋಡಬಹುದು. ಲಂಡನ್ನಿನ ವಾಯವ್ಯಕ್ಕೆ, ಇಂದಿನ ಸೇಂಟ್ ಆಲ್ಬನ್ಸ್ ನಗರದ ಪಕ್ಕದಲ್ಲಿ ವೆರುಲೇಮಿಯಮ್ ಇತ್ತು. ರೋಮನ್ನರು ಬರುವುದಕ್ಕೆ ಮುಂಚೆಯೇ ಅದು ಕಟುವೆಲ್ಲೌನಿ ಎಂಬ ಬ್ರಿಟನ್ ಕುಲದವರ ನೆಲೆ. ಅವರ ಅರಸನಾದ ಟಾಸಿಯೋವಾನಸನ ನಾಣ್ಯಗಳ ಮೇಲೆ ಆ ಊರಿನ ಹೆಸರು ಅಚ್ಚಾಗಿದೆ. ಕ್ರಿ. ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಸೈನ್ಯ ಬ್ರಿಟನ್ನನ್ನು ಹೊಕ್ಕಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ವೆರುಲೇಮಿಯಮಿನಲ್ಲಿ ಮರದ ಚೌಕಟ್ಟಿನ ಅಂಗಡಿಗಳ ಸಾಲು ಎದ್ದಿತು. ಕ್ರಿ. ಶ. 60-61ರಲ್ಲಿ ಐಸೀನಿ ಕುಲದ ರಾಣಿ ಬೂಡಿಕಾ ರೋಮನ್ನರ ಅತ್ಯಾಚಾರಗಳನ್ನು ಸಹಿಸಲಾರದೆ ದಂಗೆಯೆದ್ದು ಕ್ಯಾಮುಲೊಡೂನಮ್, ಲಂಡನ್, ವೆರುಲೇಮಿಯಮ್ ಈ ಮೂರು ಪಟ್ಟಣಗಳನ್ನೂ ಸುಟ್ಟುಹಾಕಿದಳು. ಷೆಪರ್ಡ್ ಫ್ರೀರ್ ಅವರು 1955ರಿಂದ 1961ರವರೆಗೆ ಇಲ್ಲಿ ನಡೆಸಿದ ಉತ್ಖನನದಲ್ಲಿ ಈ ಅಂಗಡಿಸಾಲಿನ ಸುಟ್ಟ ಮಣ್ಣಿನ ಪದರ ಸ್ಪಷ್ಟವಾಗಿ ಕಂಡುಬಂದಿತು. ಇಂತಹ ಪದರ ಕಾಲನಿರ್ಣಯಕ್ಕೆ ಬಹು ಉಪಕಾರಿ: ಅದರ ಕೆಳಗೆ ದೊರೆತ ಮಡಕೆ ದಂಗೆಗೆ ಮುಂಚಿನದು, ಮೇಲೆ ದೊರೆತದ್ದು ಅನಂತರದ್ದು ಎಂದು ಹೇಳಲು ಬರುತ್ತದೆ.

ವೆರುಲೇಮಿಯಮಿಗೂ ಲಂಡನ್ನಿಗೂ ನಡುವೆ ರೋಮನ್ನರು ಹಾಕಿದ ರಾಜಮಾರ್ಗಕ್ಕೆ ಈಗ ವಾಟ್ಲಿಂಗ್ ಸ್ಟ್ರೀಟ್ ಎಂದು ಹೆಸರು. ಈ ಮಾರ್ಗದ ಮಗ್ಗುಲಲ್ಲಿ ಬ್ರಾಕ್ಲಿ ಹಿಲ್, ರ್‍ಯಾಡ್ಲೆಟ್, ಬ್ರಿಕೆಟ್ ವುಡ್ ಮೊದಲಾದ ಎಡೆಗಳಲ್ಲಿ ಕುಂಬಾರರ ಆವಿಗೆಗಳು ದೊರೆತಿವೆ. ಸುಟ್ಟಾಗ ಬಿಳುಪಾಗುವ ಜೇಡಿಮಣ್ಣು, ಉರುವಲಿಗೆ ಕಾಡು, ಒಳಮೈಗೆ ಒತ್ತಲು ಚಕಮಕಿ ಕಲ್ಲು, ಸರಕನ್ನು ಎರಡು ದಿಕ್ಕಿನ ಪಟ್ಟಣಗಳಿಗೂ ಸಾಗಿಸಲು ಬಾಗಿಲಲ್ಲೇ ರಸ್ತೆ, ಇವೆಲ್ಲ ಒಂದೆಡೆ ಕೂಡಿಬಂದುದರಿಂದ ಕ್ರಿ. ಶ. 50ರ ಸುಮಾರಿನಿಂದ ಇಲ್ಲಿ ದೊಡ್ಡ ಕೈಗಾರಿಕೆ ಬೆಳೆಯಿತು. ಹೂಜಿಗಳನ್ನೂ ಅರೆಯುವ ಬೋಗುಣಿಗಳನ್ನೂ ಇಲ್ಲಿಯ ಕುಂಬಾರರು ಅಪಾರ ಸಂಖ್ಯೆಯಲ್ಲಿ ಮಾಡಿದರು. ಅವು ಲಂಡನ್ನಿನ ಮಾರುಕಟ್ಟೆಯನ್ನು ತುಂಬಿದುವು. ವೇಲ್ಸಿನ ಕೋಟೆಗಳನ್ನು ಮುಟ್ಟಿದುವು. ಉತ್ತರದಲ್ಲಿ ಸ್ಕಾಟ್ಲೆಂಡಿನ ದಂಡುನೆಲೆಗಳವರೆಗೂ ಹೋದುವು.

ಈ ಬೋಗುಣಿಗಳು ಇತಿಹಾಸಕಾರನಿಗೆ ಇಷ್ಟೊಂದು ಪ್ರಿಯವಾಗಲು ಇನ್ನೊಂದು ಕಾರಣವಿದೆ. ಮೊದಲನೆಯ ಶತಮಾನದಿಂದ ಎರಡನೆಯ ಶತಮಾನದ ಕೊನೆಯವರೆಗೆ ಅನೇಕ ಕುಂಬಾರರು ಬೋಗುಣಿಯ ಅಂಚಿನ ಮೇಲೆ, ಮೂತಿಯ ಪಕ್ಕದಲ್ಲಿ, ತಮ್ಮ ಹೆಸರಿನ ಮುದ್ರೆಯನ್ನು ಒತ್ತುತ್ತಿದ್ದರು. ಮೂತಿಯ ಒಂದು ಕಡೆ ಹೆಸರು. ಕೆಲವೊಮ್ಮೆ ಇನ್ನೊಂದು ಕಡೆ 'ಮಾಡಿದನು' ಎಂಬ ಅರ್ಥದ ಲ್ಯಾಟಿನ್ ಪದ. ಅಡುಗೆಮನೆಯ ಬೇರೆ ಒರಟು ಪಾತ್ರೆಗಳಲ್ಲಿ ಈ ಪದ್ಧತಿ ವಿರಳ. ರಾಜರ ಚರಿತ್ರೆಯಲ್ಲಿ ಎಂದಿಗೂ ಬರಲಾರದ ನೂರಾರು ಶ್ರಮಿಕರ ಹೆಸರುಗಳು ಹೀಗೆ ಮಣ್ಣಿನಲ್ಲಿ ಉಳಿದುಬಂದಿವೆ. ಇಂಗ್ಲೆಂಡಿನ ವಿದುಷಿ ಕೇ ಹಾರ್ಟ್ಲಿ ಅವರು ಹಲವು ದಶಕಗಳ ಕಾಲ ಈ ಮುದ್ರೆಗಳನ್ನು ಒಂದೊಂದಾಗಿ ಸಂಗ್ರಹಿಸಿ, ಹೋಲಿಸಿ, ಒಬ್ಬೊಬ್ಬ ಕುಂಬಾರನ ಕಾಲವನ್ನೂ ನೆಲೆಯನ್ನೂ ನಿರ್ಣಯಿಸುವ ಕಾರ್ಯಕ್ಕೆ ತಮ್ಮ ವಿದ್ವತ್ತನ್ನು ಮುಡಿಪಿಟ್ಟರು. ಇಂದು ಈ ವಿಷಯದಲ್ಲಿ ತಿಳಿದಿರುವುದರ ಬಹುಭಾಗ ಅವರ ಪರಿಶ್ರಮದ ಫಲ.

ವೆರುಲೇಮಿಯಮ್ ಪ್ರದೇಶದ ಕುಂಬಾರರಲ್ಲಿ ಅಗ್ರಗಣ್ಯನಾದವನು ಆಲ್ಬೈನಸ್. ಕ್ರಿ. ಶ. 60ರಿಂದ 90ರವರೆಗಿನ ಅವಧಿಯಲ್ಲಿ ಕೆಲಸ ಮಾಡಿದ ಇವನ ಮುದ್ರೆಗಳು ನೂರಾರು ದೊರೆತಿವೆ. ಬ್ರಿಟನ್ನಿನಲ್ಲಿ ಬೋಗುಣಿಗಳಿಗೆ ಮುದ್ರೆಯೊತ್ತಿದವರಲ್ಲಿ ಇಷ್ಟು ಹೆಚ್ಚು ಮುದ್ರೆಗಳನ್ನು ಬಿಟ್ಟುಹೋದವನು ಮತ್ತೊಬ್ಬನಿಲ್ಲ. ಇವನ ಕೆಲವು ಬೋಗುಣಿಗಳ ಮೇಲೆ 'ಲುಗುದುನಮಿನಲ್ಲಿ ಮಾಡಿದ್ದು' ಎಂಬ ಅರ್ಥ ಕೊಡುವ ಇನ್ನೊಂದು ಮುದ್ರೆಯಿದೆ. ಲುಗುದುನಮ್ ಎಂದೊಡನೆ ಫ್ರಾನ್ಸಿನ ಲಿಯಾನ್ ನಗರದ ಹಳೆಯ ಹೆಸರು ನೆನಪಿಗೆ ಬರುವುದು ಸಹಜ. ಆದರೆ ಬೋಗುಣಿಗಳ ಮಣ್ಣು ಲಿಯಾನಿನದಲ್ಲ, ವೆರುಲೇಮಿಯಮ್ ಸೀಮೆಯದು. ಆದುದರಿಂದ ಇದು ವಾಟ್ಲಿಂಗ್ ಸ್ಟ್ರೀಟಿನ ಆಸುಪಾಸಿನಲ್ಲಿದ್ದ, ಅದೇ ಹೆಸರಿನ ಬೇರೊಂದು ಚಿಕ್ಕ ಊರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಬರಹವನ್ನಷ್ಟೇ ನಂಬಿ ಹೊರಟರೆ ತಪ್ಪುವ ದಾರಿಯನ್ನು ಮಣ್ಣಿನ ಪರೀಕ್ಷೆ ಸರಿಪಡಿಸುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಆಲ್ಬೈನಸನ ಮಗ ಮಾಟುಗೆನಸ್ ಬ್ರಾಕ್ಲಿ ಹಿಲ್‌ನಲ್ಲಿ ಅದೇ ವೃತ್ತಿಯನ್ನು ಮುಂದುವರಿಸಿದನು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ತಂದೆಯ ಹೆಸರು ಶುದ್ಧ ಲ್ಯಾಟಿನ್; ಮಗನ ಹೆಸರು ಕೆಲ್ಟಿಕ್. ಗೆದ್ದವರ ಭಾಷೆ ಒಮ್ಮೆ ಮನೆಯನ್ನು ಹೊಕ್ಕರೆ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಲೇ ಹೋಗುತ್ತದೆಂಬ ಸಾಮಾನ್ಯ ನಂಬಿಕೆ ಈ ಒಂದು ಕುಟುಂಬದ ಮಟ್ಟಿಗೆ ತಲೆಕೆಳಗಾಗಿದೆ. ಇನ್ನೂ ಕೆಲವು ಕುಂಬಾರರ ಮುದ್ರೆಗಳಲ್ಲಿ ಅಕ್ಷರಗಳು ತಿರುವುಮುರುವಾಗಿವೆ. ಕೆಲವಂತೂ ಅಕ್ಷರಗಳಂತೆ ಕಾಣುವ ಬರಿಯ ಗೆರೆಗಳು. ಓದುಬರಹ ತಿಳಿಯದ ಕುಂಬಾರನೂ ಬೋಗುಣಿಯ ಅಂಚಿನಲ್ಲಿ ಏನಾದರೊಂದು ಬರಹ ಇರಬೇಕೆಂದು ಬಲ್ಲವನಾಗಿದ್ದನು. ಕೊಳ್ಳುವವನು ಓದದಿದ್ದರೂ ಗುರುತು ಹಿಡಿಯುತ್ತಿದ್ದನೆಂಬುದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯ ಶತಮಾನದ ನಡುವಿನ ಹೊತ್ತಿಗೆ ವೆರುಲೇಮಿಯಮ್ ಕುಂಬಾರರ ಏಳಿಗೆ ಇಳಿಮುಖವಾಯಿತು. ವಾರಿಕ್‌ಷೈರಿನ ಮ್ಯಾನ್ಸೆಟರ್ ಮತ್ತು ಹಾರ್ಟ್ಸ್‌ಹಿಲ್ ಎಂಬಲ್ಲಿಯ ಆವಿಗೆಗಳು ಉತ್ತರದ ಬೇಡಿಕೆಯನ್ನು ತಮ್ಮದಾಗಿಸಿಕೊಂಡುವು. ಅಲ್ಲಿಯ ಸಾರ್ರಿಯಸ್ ಎಂಬವನು ಡಾಂಕಾಸ್ಟರ್ ಬಳಿಯ ರಾಸಿಂಗ್‌ಟನ್ ಬ್ರಿಡ್ಜಿನಲ್ಲಿ ಇನ್ನೊಂದು ಕಾರ್ಯಾಗಾರವನ್ನೂ ನಡೆಸುತ್ತಿದ್ದನು. ಸೈನ್ಯ ಉತ್ತರಕ್ಕೆ ಸರಿದಂತೆಲ್ಲ ಕುಂಬಾರನೂ ಅತ್ತ ಸರಿದನು; ಭಾರವಾದ ಬೋಗುಣಿಯನ್ನು ದೂರ ಹೊರುವುದಕ್ಕಿಂತ ಆವಿಗೆಯನ್ನೇ ಕೊಳ್ಳುವವನ ಹತ್ತಿರಕ್ಕೆ ಒಯ್ಯುವುದು ಲಾಭಕರ. ಮುಂದೆ ಮೂರು ನಾಲ್ಕನೆಯ ಶತಮಾನಗಳಲ್ಲಿ ಆಕ್ಸ್‌ಫರ್ಡ್ ಸೀಮೆಯ ಕುಂಬಾರರೂ ನೆನೆ ನದಿಯ ಕಣಿವೆಯ ಕುಂಬಾರರೂ ಪ್ರಸಿದ್ಧಿಗೆ ಬಂದರು. ಆಕ್ಸ್‌ಫರ್ಡಿನವರು ಬಣ್ಣಬಣ್ಣದ ಬೆಣಚುಕಲ್ಲಿನ ಹರಳುಗಳನ್ನು ಒತ್ತಿದರೆ, ನೆನೆ ಕಣಿವೆಯವರು ಕಬ್ಬಿಣದ ಕಿಟ್ಟವನ್ನು ಒತ್ತುತ್ತಿದ್ದರು. ಒಳಮೈಯ ಹರಳನ್ನು ನೋಡಿಯೇ ಒಂದು ಚೂರು ಯಾವ ಸೀಮೆಯದೆಂದು ಪುರಾತತ್ತ್ವಜ್ಞರು ಹೇಳಬಲ್ಲರು.

ಇಲ್ಲಿಗೆ ಬೋಗುಣಿಯ ಕಥೆ ವ್ಯಾಪಾರದ ಕಥೆ. ಆದರೆ ಅದು ಎಬ್ಬಿಸುವ ಪ್ರಶ್ನೆ ಇನ್ನೂ ಆಳವಾದುದು. ಬ್ರಿಟನ್ ಜನರು ಈ ಪಾತ್ರೆಯನ್ನು ಕೊಂಡದ್ದರ ಅರ್ಥವೇನು? ಅವರು ತಮ್ಮ ಊಟವನ್ನು ಬಿಟ್ಟು ಗೆದ್ದವರ ಊಟವನ್ನು ಹಿಡಿದರೆ?

ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಹಿನ್ನೆಲೆಯಿದೆ. ರೋಮನ್ ಇತಿಹಾಸಕಾರನಾದ ಟ್ಯಾಸಿಟಸ್ ತನ್ನ ಮಾವನೂ ಬ್ರಿಟನ್ನಿನ ರಾಜ್ಯಪಾಲನೂ ಆಗಿದ್ದ ಅಗ್ರಿಕೋಲನ ಚರಿತ್ರೆಯನ್ನು ಬರೆಯುತ್ತ, ಬ್ರಿಟನ್ ಜನರು ರೋಮನ್ನರ ಉಡುಪು, ಸ್ನಾನಗೃಹ, ಭೋಜನಕೂಟಗಳಿಗೆ ಮಾರುಹೋದರೆಂದೂ, ತಿಳಿಯದವರು ನಾಗರಿಕತೆಯೆಂದು ಕರೆದದ್ದು ವಾಸ್ತವವಾಗಿ ಅವರ ದಾಸ್ಯದ ಒಂದು ಅಂಗವಾಗಿತ್ತೆಂದೂ ಕಟುವಾಗಿ ಹೇಳಿದ್ದಾನೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಫ್ರಾನ್ಸಿಸ್ ಹ್ಯಾವರ್‌ಫೀಲ್ಡ್ ಅವರು 'ರೋಮೀಕರಣ' ಎಂಬ ಸಿದ್ಧಾಂತವನ್ನು ಮಂಡಿಸಿದರು. ಅವರ ದೃಷ್ಟಿಯಲ್ಲಿ ಇದು ದಾಸ್ಯವಲ್ಲ, ಏಳಿಗೆ: ಭಾಷೆ, ಕಲೆ, ಬಳಕೆಯ ವಸ್ತುಗಳಲ್ಲಿ ಪ್ರಾಂತ್ಯದ ಜನರು ಕ್ರಮೇಣ ರೋಮನ್ನರೇ ಆದರು. ತೀರ್ಪು ಬೇರೆಯಾದರೂ ಇಬ್ಬರೂ ಒಂದು ಸಂಗತಿಯನ್ನು ಒಪ್ಪಿಕೊಂಡಂತಾಯಿತು: ವಸ್ತು ಬದಲಾದರೆ ಜನರೂ ಬದಲಾದರು. ಈ ನಂಬಿಕೆಯ ಬಲದಿಂದಲೇ ಅರೆಯುವ ಬೋಗುಣಿ ದೊರೆತ ಮನೆಯಲ್ಲಿ ರೋಮನ್ ಅಡುಗೆ ನಡೆಯುತ್ತಿತ್ತೆಂದು ಬಹುಕಾಲ ಭಾವಿಸಲಾಗಿತ್ತು.

ಬೋಗುಣಿಯನ್ನೇ ಪರೀಕ್ಷಿಸಿದಾಗ ಬೇರೊಂದು ಉತ್ತರ ದೊರೆಯಿತು. ಮೆರುಗಿಲ್ಲದ ಮಣ್ಣಿನ ಪಾತ್ರೆಯಲ್ಲಿ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಅದರಲ್ಲಿ ಬಳಸಿದ ಪದಾರ್ಥಗಳ ಜಿಡ್ಡು ಗೋಡೆಯೊಳಕ್ಕೆ ಇಂಗಿ ಸಾವಿರಾರು ವರ್ಷ ಉಳಿಯಬಲ್ಲುದು. ಚೂರಿನ ಸಣ್ಣ ಭಾಗವನ್ನು ಪುಡಿಮಾಡಿ ಆ ಜಿಡ್ಡನ್ನು ಬೇರ್ಪಡಿಸಿದರೆ ಅದು ಗಿಡದ ಮೇಣವೋ, ಪ್ರಾಣಿಯ ಕೊಬ್ಬೋ, ಹಾಲಿನ ಕೊಬ್ಬೋ ಎಂದು ರಸಾಯನಶಾಸ್ತ್ರಜ್ಞರು ಹೇಳಬಲ್ಲರು. ಲೂಸಿ ಕ್ರಾಂಪ್, ರಿಚರ್ಡ್ ಎವರ್‌ಷೆಡ್, ಹೆಲ್ಲ ಎಕಾರ್ಟ್ ಈ ಮೂವರು ಬ್ರಿಟನ್ನಿನ ಅರೆಯುವ ಬೋಗುಣಿಗಳನ್ನು ಹೀಗೆ ಪರೀಕ್ಷಿಸಿ, ರೋಮನ್ ಕಾಲದ ಅಡುಗೆ ಮಡಕೆಗಳೊಂದಿಗೂ ಅದಕ್ಕೂ ಹಿಂದಿನ ಕಬ್ಬಿಣಯುಗದ ಮಡಕೆಗಳೊಂದಿಗೂ ಹೋಲಿಸಿ 2011ರಲ್ಲಿ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಬೋಗುಣಿಗಳಲ್ಲಿ ಸಸ್ಯಗಳ ಜಿಡ್ಡೂ ಇತ್ತು, ಹಾಲಿನದೂ ಸೇರಿದಂತೆ ಪ್ರಾಣಿಜನ್ಯ ಕೊಬ್ಬೂ ಇತ್ತು. ಮುಖ್ಯವಾದ ತೀರ್ಮಾನವೆಂದರೆ, ಆಹಾರದ ಪದಾರ್ಥಗಳು ಬದಲಾಗಲಿಲ್ಲ, ಕೆಲವನ್ನು ಸಿದ್ಧಗೊಳಿಸುವ ಕ್ರಮ ಮಾತ್ರ ಬದಲಾಯಿತು. ಹಿಂದೆ ಮಡಕೆಯಲ್ಲಿ ಬೇಯುತ್ತಿದ್ದ ಸಸ್ಯಗಳು ಈಗ ಬೋಗುಣಿಯಲ್ಲಿ ಅರೆಯಲ್ಪಟ್ಟುವು. ಅರೆದುದೆಲ್ಲವೂ ಊಟಕ್ಕೇ ಎಂದೂ ಹೇಳುವಂತಿಲ್ಲ. ಔಷಧಿಗಾಗಿಯೋ ಮೈಗೆ ಹಚ್ಚುವ ಲೇಪನಕ್ಕಾಗಿಯೋ ಇದನ್ನು ಬಳಸಿರಬಹುದೆಂಬ ಸಾಧ್ಯತೆಯನ್ನು ಆ ವಿದ್ವಾಂಸರು ಮುಂದಿಟ್ಟಿದ್ದಾರೆ.

ಇದಕ್ಕೆ ಪೂರಕವಾದ ಇನ್ನೊಂದು ಸಂಗತಿ ಸಿಲ್ಚೆಸ್ಟರ್‌ನಿಂದ ದೊರೆತಿದೆ. ಮೈಕೇಲ್ ಫುಲ್ಫರ್ಡ್ ಅವರ ನೇತೃತ್ವದಲ್ಲಿ ರೆಡಿಂಗ್ ವಿಶ್ವವಿದ್ಯಾನಿಲಯದವರು 1997ರಿಂದ 2014ರವರೆಗೆ ನಡೆಸಿದ ಉತ್ಖನನದಲ್ಲಿ ರೋಮನ್ನರ ದಂಡಯಾತ್ರೆಗೆ ಮುಂಚಿನ ಪದರಗಳಲ್ಲಿಯೇ ಕೊತ್ತಂಬರಿ, ಸಬ್ಬಸಿಗೆ, ಸೆಲರಿ ಬೀಜಗಳೂ ಒಂದು ಆಲಿವ್ ಬೀಜವೂ ಕಂಡುಬಂದುವು. ದಕ್ಷಿಣ ಬ್ರಿಟನ್ನಿನ ಇಂತಹ ಅರಸುನೆಲೆಗಳಿಗೆ ಕ್ರಿ. ಶ. 43ಕ್ಕೆ ಮೊದಲೇ ಗಾಲ್ ದೇಶದಿಂದ ಕೆಲವು ಅರೆಯುವ ಬೋಗುಣಿಗಳೂ ಬಂದಿದ್ದುವು. ಅಂದರೆ ಈ ಪಾತ್ರೆ ಕತ್ತಿಯ ಹಿಂದೆಯೇ ಬಂದುದಲ್ಲ. ಕೆಲವರ ಮನೆಗಳಿಗೆ ವ್ಯಾಪಾರಿಯ ಗಂಟಿನಲ್ಲಿ ಮೊದಲೇ ಬಂದಿತ್ತು. ಕತ್ತಿ ಬಂದ ಮೇಲೆ ಅದು ಎಲ್ಲರ ಕೈಗೆ ಎಟುಕುವ ವಸ್ತುವಾಯಿತು. ಟ್ಯಾಸಿಟಸನ ಮಾತು ಸಿರಿವಂತರ ಭೋಜನಕೂಟಗಳಿಗೆ ಸಲ್ಲಬಹುದು. ಮಾಟುಗೆನಸನ ಬೋಗುಣಿಯಲ್ಲಿ ತನ್ನ ಹಿತ್ತಲ ಸೊಪ್ಪನ್ನೂ ತನ್ನ ದನದ ಹಾಲನ್ನೂ ಕೂಡಿಸಿ ತಿರುವಿದ ಗೃಹಿಣಿಗೆ ಅದು ಸುಲಭವಾಗಿ ಸಲ್ಲದು. ಆಕೆ ಒಂದು ಉಪಕರಣವನ್ನು ಸ್ವೀಕರಿಸಿದಳು. ತನ್ನ ನಾಲಿಗೆಯ ರುಚಿಯನ್ನು ಅದರ ಜೊತೆಗೆ ಒಪ್ಪಿಸಿಬಿಡಲಿಲ್ಲ.

ಸೈನಿಕರ ಊಟದ ವಿಷಯದಲ್ಲಿಯೂ ಹಳೆಯ ಕಲ್ಪನೆಗಳು ಬದಲಾಗಿವೆ. ಸ್ಕಾಟ್ಲೆಂಡಿನ ಆಂಟೊನೈನ್ ಗೋಡೆಯ ಮೇಲಿನ ಬೇರ್ಸ್‌ಡನ್ ಕೋಟೆಯನ್ನು ಡೇವಿಡ್ ಬ್ರೀಜ್ ಅವರು 1973ರಿಂದ 1982ರವರೆಗೆ ಅಗೆದರು. ಅಲ್ಲಿಯ ಶೌಚಗೃಹದಿಂದ ಹರಿದು ಕಂದಕದಲ್ಲಿ ನಿಂತ ಕೆಸರನ್ನು ಪರೀಕ್ಷಿಸಿದಾಗ ಗೋಧಿಯ ತವುಡು, ಕೊತ್ತಂಬರಿ, ಸಬ್ಬಸಿಗೆ, ಗಸಗಸೆ, ಅಂಜೂರ ಇವುಗಳ ಕುರುಹುಗಳು ಕಂಡುಬಂದುವು. ಮಾಂಸದ ಕುರುಹು ಬಹು ಸ್ವಲ್ಪ. ಆ ಸೈನಿಕರ ಆಹಾರ ಬಹುಮಟ್ಟಿಗೆ ಸಸ್ಯಮೂಲವಾಗಿತ್ತೆಂದು ವಿಜ್ಞಾನಿಗಳು ತೀರ್ಮಾನಿಸಿದ್ದಾರೆ. ಕೊತ್ತಂಬರಿ, ಗಸಗಸೆಗಳನ್ನು ಅರೆಯುವುದಕ್ಕೆ ಹರಳಿನ ಬೋಗುಣಿ ಎಷ್ಟು ಒದಗುವುದೆಂಬುದನ್ನು ಹೇಳಬೇಕಾದುದಿಲ್ಲ.

ಈ ಬೋಗುಣಿಯಲ್ಲಿ ಬಿದ್ದ ಒಂದು ಪದಾರ್ಥಕ್ಕೆ ಮಾತ್ರ ದಕ್ಷಿಣ ಭಾರತದ ಸಂಬಂಧವಿದೆ. ಅದು ಕರಿಮೆಣಸು. ಪಶ್ಚಿಮ ಕರಾವಳಿಯ ಮುಜಿರಿಸ್ ಮೊದಲಾದ ಬಂದರುಗಳಿಂದ ಹಡಗುಗಳಲ್ಲಿ ಹೊರಟ ಮೆಣಸು ಈಜಿಪ್ಟಿನ ಮಾರ್ಗವಾಗಿ ರೋಮನ್ನರ ಮಾರುಕಟ್ಟೆಯನ್ನು ಸೇರುತ್ತಿತ್ತು. ಕರಿಮೆಣಸು ಪೌಂಡಿಗೆ 4 ದಿನಾರಿ, ಬಿಳಿಮೆಣಸು 7, ಹಿಪ್ಪಲಿ 15 ಎಂದು ಪ್ಲಿನಿ ಬೆಲೆ ಕೊಟ್ಟಿದ್ದಾನೆ. ಅದು ಸಾಮ್ರಾಜ್ಯದ ಉತ್ತರದ ತುದಿಯನ್ನೂ ಮುಟ್ಟಿತ್ತು. ವಿಂಡೊಲಾಂಡ ಕೋಟೆಯಲ್ಲಿ 1973ರಿಂದ ಈಚೆಗೆ ದೊರೆತ ಮರದ ಹಲಗೆಯ ಬರಹಗಳಲ್ಲಿ, ಟಪ್ಪೋವಿನ ಮಗನಾದ ಗಾಂಬಾಕ್ಸ್ ಎಂಬ ಸೈನಿಕನ ಹೆಸರಿನ ಮುಂದೆ ಮೆಣಸಿಗೆ 2 ದಿನಾರಿ ಎಂಬ ಲೆಕ್ಕವಿದೆ. 1992ರಲ್ಲಿ ಹಾಕ್ಸ್‌ನೆಯಲ್ಲಿ ದೊರೆತ ನಿಧಿಯಲ್ಲಿ ಮೆಣಸಿಗಾಗಿಯೇ ಮಾಡಿಸಿದ ನಾಲ್ಕು ಬೆಳ್ಳಿಯ ಪಾತ್ರೆಗಳಿವೆ.

ವೆರುಲೇಮಿಯಮಿಗೂ ಕರ್ನಾಟಕಕ್ಕೂ ಪುರಾತತ್ತ್ವದ ದಾರಿಯಲ್ಲಿ ಇನ್ನೊಂದು ನಂಟುಂಟು. 1930ರ ದಶಕದ ಮೊದಲ ವರ್ಷಗಳಲ್ಲಿ ವೆರುಲೇಮಿಯಮನ್ನು ಪತ್ನಿ ಟೆಸ್ಸಾ ಅವರೊಡನೆ ಅಗೆದ ಮಾರ್ಟಿಮರ್ ವೀಲರ್ ಅವರೇ ಮುಂದೆ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದರು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಕೆಂಪು ಮಡಕೆಗಳನ್ನು ಗುರುತಿಸಿ, ಅವುಗಳ ತಿಳಿದ ಕಾಲದಿಂದ ಅಲ್ಲಿಯ ದೇಶೀಯ ಮಡಕೆಗಳ ಕಾಲವನ್ನು ಕಟ್ಟಿ, ಆ ಆಧಾರದ ಮೇಲೆ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳ ಕಾಲಾನುಕ್ರಮವನ್ನು ನಿರ್ಣಯಿಸಿದರು. ಬ್ರಿಟನ್ನಿನ ಒಡೆದ ಮಡಕೆಗಳಲ್ಲಿ ಪಳಗಿದ ಕ್ರಮವೇ ಇಲ್ಲಿಯೂ ಫಲ ಕೊಟ್ಟಿತು. ಮಡಕೆಯ ಚೂರು ಇತಿಹಾಸದ ಅಕ್ಷರವೆಂಬುದು ಆ ಕ್ರಮದ ಸಾರ.

ನಾಲ್ಕನೆಯ ಶತಮಾನ ಮುಗಿಯುವವರೆಗೂ ಆಕ್ಸ್‌ಫರ್ಡ್ ಸೀಮೆಯ ಆವಿಗೆಗಳಿಂದ ಬೋಗುಣಿಗಳು ಹೊರಬರುತ್ತಿದ್ದುವು. ಕ್ರಿ. ಶ. 410ರ ಸುಮಾರಿಗೆ ರೋಮನ್ನರ ಆಳಿಕೆ ಕೊನೆಗೊಂಡಿತು. ಸೈನ್ಯದ ಸಂಬಳ ನಿಂತಿತು, ನಾಣ್ಯದ ಚಲಾವಣೆ ನಿಂತಿತು, ಪಟ್ಟಣಗಳು ಬರಿದಾದುವು. ದೂರದ ಕೊಳ್ಳುಗನನ್ನು ನಂಬಿದ್ದ ದೊಡ್ಡ ಕುಂಬಾರಿಕೆ ಐದನೆಯ ಶತಮಾನದ ಆರಂಭದಲ್ಲಿ ಕುಸಿದುಬಿದ್ದಿತು. ಚಕ್ರದ ಮೇಲೆ ತಿರುಗಿಸಿ ಮಾಡುವ ಮಡಕೆಯೇ ಅಪರೂಪವಾಯಿತು. ಅರೆಯುವ ಬೋಗುಣಿಯೂ ಅದರೊಡನೆ ಮರೆಯಾಯಿತು. ಮುನ್ನೂರೈವತ್ತು ವರ್ಷಗಳ ಕಾಲ ಮನೆಮನೆಯಲ್ಲಿದ್ದ ಒಂದು ವಸ್ತು ಇಷ್ಟು ಬೇಗ ಇಲ್ಲವಾದುದಕ್ಕೆ ಜನರ ರುಚಿ ಬದಲಾದುದು ಕಾರಣವಲ್ಲ. ಅದನ್ನು ಮಾಡುವ ಕೈಯೂ ಸಾಗಿಸುವ ದಾರಿಯೂ ತಪ್ಪಿದುದೇ ಕಾರಣ.

ಟಾಸಿಯೋವಾನಸನ ನಾಣ್ಯವೂ ಬೂಡಿಕಾಳ ಬೆಂಕಿಯೂ ಟ್ಯಾಸಿಟಸನ ಕಟುನುಡಿಯೂ ವೆರುಲೇಮಿಯಮಿನ ಚರಿತ್ರೆಗೆ ಅಗತ್ಯವಾದುವೇ. ಆದರೆ ಆ ಊರಿನ ಜನರು ಸಾಮ್ರಾಜ್ಯದೊಡನೆ ನಡೆಸಿದ ದಿನನಿತ್ಯದ ವ್ಯವಹಾರದ ಲೆಕ್ಕ ಅವುಗಳಲ್ಲಿಲ್ಲ. ಅದು ಇರುವುದು ಲ್ಯಾಟಿನ್ ಹೆಸರಿನ ತಂದೆಯೂ ಕೆಲ್ಟಿಕ್ ಹೆಸರಿನ ಮಗನೂ ಮುದ್ರೆಯೊತ್ತಿದ ಬೋಗುಣಿಯ ಅಂಚಿನಲ್ಲಿ, ಮತ್ತು ಹೆಸರು ಉಳಿಯದ ಹೆಂಗಸರ ಕೈಯಲ್ಲಿ ತೂತಾಗುವವರೆಗೆ ಸವೆದ ಅದರ ತಳದಲ್ಲಿ.